ಬಿಚ್ಚದೆ ಉಳಿದ ಗಂಟು

ಅಮ್ಮಾ,

ಆಲಸನತ್ತಂ ಬಡಾವಣೆಯ ನಮ್ಮ ಮನೆ ಮುಂದೆ ಈಗಲೂ ಅವರೆಕಾಯಿ ಗಾಡಿ ಬರುತ್ತೆ. ಆ ಸೊಗಡು ಮೂಗಿಗೆ ಬಡಿದರೆ ಸಾಕು, ನನಗೆ ನಗು ಬರುತ್ತೆ, ಹಿಂದೆಯೇ ಕಣ್ಣೂ ತುಂಬುತ್ತೆ. ಆ ವರ್ಷ ನೆನಪಿದೆಯಾ? ಅಂಚೆಟ್ಟಿ ಊರಲ್ಲಿದ್ದ ಮಾಮನ ಹತ್ತಿರ ಫೋನಿರಲಿಲ್ಲ. ಒಂದು ಚೀಲ ಅವರೆಕಾಯಿ ಕಳಿಸು ಅಂತ ನೀನು ಬಸ್ ಕಂಡಕ್ಟರ್ ಕೈಲಿ ಹೇಳಿಕಳಿಸಿದೆ. ಅವನೋ ಮರೆಗುಳಿ. ಏನು ನೆನಪಿಡಬೇಕಿದ್ದರೂ ಸೆರಗಿನ ತುದಿಗೆ ಗಂಟು ಹಾಕುತ್ತಿದ್ದವಳು ನೀನು, ಅವನ ಟವೆಲಿಗೂ ಒಂದು ಹಾಕಿಸಿದೆ.

ಚೀಲ ಬಂತು. ಸ್ವಲ್ಪ ದಿನಕ್ಕೆ ಇನ್ನೊಂದು, ಆಮೇಲೆ ಮತ್ತೊಂದು. ಗಂಟು ಕಂಡಾಗಲೆಲ್ಲ ಅವನು ಮಾಮನಿಗೆ ಅದೇ ಮಾತು ಹೇಳುತ್ತಿದ್ದ, ತಂಗಿ ಕೇಳಿದ್ದಾಳೆಂದು ಮಾಮ ಕಳಿಸುತ್ತಲೇ ಇದ್ದ. ಬೀದಿಗೆಲ್ಲ ಹಂಚಿದರೂ ಮುಗಿಯಲಿಲ್ಲ. ಬೈಯಲು ಹೋದರೆ ಆ ಕಂಡಕ್ಟರ್, "ಗಂಟಾಕ್ಕೋ ಅಂದ್ರಿ. ಬಿಚ್ಚು ಅಂತ ಯಾರೂ ಏಳ್ನಿಲ್ವಲ್ಲಕ್ಕ" ಅಂದ. ನೀನು ಬಸ್‌ಸ್ಟ್ಯಾಂಡಿನಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಅಷ್ಟು ನಕ್ಕಿದ್ದನ್ನು ಆಮೇಲೆ ನಾನು ನೋಡಿದೆನಾ...

ಹೊಟ್ಟೆಯೊಳಗಿನ ಗಡ್ಡೆ ಮತ್ತೆ ಬೆಳೆದಿದೆ ಅಂತ ಡಾಕ್ಟರು ಹೇಳಿದ ದಿನ, ಆಟೋದಲ್ಲಿ ನನ್ನನ್ನು ಕೇಳಿದೆ: "ಇದು ಯಾಕೆ ಇಂಗೆ ಬೆಳೀತಾನೇ ಐತೆ? ಸಾಕು ಅನ್ನೋರು ಒಳಗೆ ಯಾರೂ ಇಲ್ವೇನೆ?" ನಾನು ಆಗಿನ್ನೂ ಕಾಲೇಜು ಓದುತ್ತಿದ್ದೆ. ನಿನ್ನ ಕೈ ಹಿಡಿದುಕೊಂಡೆ. ಆ ಪ್ರಶ್ನೆಯೇ ನನ್ನನ್ನು ಈ ಕ್ಯಾನ್ಸರ್ ಸಂಶೋಧನೆಯ ಲ್ಯಾಬಿನವರೆಗೆ ಎಳೆದು ತಂತು.

ಈಗ ಹೇಳ್ತೀನಿ ಕೇಳು. ಜೀವಕೋಶದೊಳಗೆ ಜೀನು ಒಂದು ಮಾತು ಹೇಳಿಕಳಿಸುತ್ತೆ. ಅದನ್ನು ಹೊತ್ತು ಹೋಗುವುದು ಆರ್‌ಎನ್‌ಎ. ಕೆಲಸ ಮುಗಿದ ಮೇಲೆ ಅದು ಕರಗಿ ಹೋಗಬೇಕು. ಆರ್‌ಎನ್‌ಎಗೆ ಅಂಟಿಕೊಳ್ಳುವ ಪ್ರೋಟೀನುಗಳಲ್ಲಿ ಕೆಲವು ಅದನ್ನು ಬೇಗ ಕರಗಿಸುತ್ತವೆ, ಕೆಲವು ಹಿಡಿದಿಡುತ್ತವೆ. ಎಷ್ಟೋ ಕ್ಯಾನ್ಸರ್ ಕೋಶಗಳಲ್ಲಿ ಹಿಡಿದಿಡುವ ಪ್ರೋಟೀನು ಅತಿಯಾಗಿರುತ್ತೆ. ‘ಬೆಳೆ’ ಅನ್ನುವ ಮಾತು ಕರಗುವುದೇ ಇಲ್ಲ, ಕೋಶ ಅದನ್ನೇ ಮತ್ತೆ ಮತ್ತೆ ಓದುತ್ತೆ. ನಮ್ಮ ಕಂಡಕ್ಟರನ ಟವೆಲಿನ ಹಾಗೆ ಕಣಮ್ಮ, ಯಾರೂ ಗಂಟು ಬಿಚ್ಚಿರುವುದಿಲ್ಲ.

ಹೋದ ವಾರ ಲ್ಯಾಬಿನಲ್ಲಿ, ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಂದ ಅಂಥ ಒಂದು ಪ್ರೋಟೀನನ್ನು ಇಲ್ಲವಾಗಿಸಿದೆವು. ಮಾತು ಕರಗಿತು. ಕೋಶಗಳು ಬೆಳೆಯುವುದು ನಿಧಾನವಾಯಿತು. ಇದು ಔಷಧಿಯಾಗಲು ಇನ್ನೆಷ್ಟು ದೂರವೋ... ಆದರೂ ನಿನ್ನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಮೊದಲು ನಿನಗೇ ಹೇಳಬೇಕು ಅನಿಸಿತು.

ಮನೆಗೆ ಬಂದು ಬೀರು ತೆಗೆದೆ. ಕೊನೆಯ ಸಲ ಆಸ್ಪತ್ರೆಗೆ ಉಟ್ಟುಕೊಂಡು ಹೋದೆಯಲ್ಲ, ಆ ಹಸಿರು ಸೀರೆಯ ಸೆರಗಿನಲ್ಲಿ ಒಂದು ಗಂಟಿದೆ. ಏನನ್ನು ಮರೆಯಬಾರದು ಅಂತ ಹಾಕಿದ್ದೆ? ನನಗೇನಾದರೂ ಹೇಳಬೇಕಿತ್ತಾ? ಗಂಟು ಬಿಚ್ಚುವುದೇ ಈಗ ನನ್ನ ಕೆಲಸ. ಇದೊಂದನ್ನು ಮಾತ್ರ ಬಿಚ್ಚಲ್ಲ ಕಣಮ್ಮ.