ಟಿ.ವಿ. ಮೇಲಿನ ಬೈರಾಸು

ನನ್ನ ಮಹಡಿಯ ಬಾಡಿಗೆದಾರರೂ ಮಗಳ ಗುರುವೂ ಆಗಿದ್ದ ಲಿಲ್ಲಿ ಟೀಚರಿಗೆ,

ಮೊದಲು ಖರ್ಚಿನ ವಿಷಯ. ನಿಮ್ಮ ನುಡಿನಮನಕ್ಕೆಂದು ಮೂಡುಬಿದಿರೆಯಿಂದ ತರಿಸಿದ ಬಿಳಿ ನೆಟ್ ಬಟ್ಟೆ, ರಿಬ್ಬನ್, ಹೊಲಿಗೆ, ಮೈಕ್ ಸೆಟ್ಟು, ಬಂದವರಿಗೆ ಗೋಳಿಬಜೆ, ಚಾ, ಎಲ್ಲ ಸೇರಿ ಹದಿನಾಲ್ಕು ಸಾವಿರ ದಾಟಿತು. ಯಾರೂ ಕೇಳಿರಲಿಲ್ಲ. ಬಿ.ಸಿ.ರೋಡಿನಲ್ಲಿ ಶಾಲೆಗಳ ವಾರ್ಷಿಕೋತ್ಸವಕ್ಕೆ ಡ್ರೆಸ್ ಬಾಡಿಗೆ ಕೊಟ್ಟು ಮೇಲೆ ಬಂದವಳು ನಾನು. ನವಿಲಿನ ಒಂದು ರೆಕ್ಕೆಯನ್ನೂ ಧರ್ಮಕ್ಕೆ ಕೊಟ್ಟವಳಲ್ಲ. ಹಾಗಿದ್ದೂ ಇಷ್ಟು ದೊಡ್ಡ ನಷ್ಟಕ್ಕೆ ಕೈ ಹಾಕಿದ್ದು ಯಾಕೆ? ಹೊಟ್ಟೆಕಿಚ್ಚು, ಟೀಚರೇ. ತೀರಿಹೋದವರ ಮೇಲೂ ಅದು ಇಷ್ಟು ಉರಿಯುತ್ತದೆ ಅಂತ ನನಗೆಲ್ಲಿ ಗೊತ್ತಿತ್ತು?

ನಿಮ್ಮ ಮೊದಲ ಶನಿವಾರದ ಕ್ಲಾಸು ನೆನಪುಂಟಾ? ಆರು, ಏಳನೇ ಕ್ಲಾಸಿನ ಮಕ್ಕಳಿಗೆ ಸಂಗೀತ ಕೇಳಲು ಕಲಿಸುವುದು, ಅದೂ ಯುರೋಪಿನ ಬ್ಯಾಲೆ ನೃತ್ಯ ತೋರಿಸಿ! ನಾನು ಮೆಟ್ಟಿಲಲ್ಲಿ ನಿಂತು ಇಣುಕಿದೆ. ಟಿ.ವಿ.ಯಲ್ಲಿ ಒಬ್ಬಳು ತುದಿಗಾಲಲ್ಲಿ ಸುತ್ತುತ್ತಿದ್ದಳು. ಮಕ್ಕಳು ಎರಡು ಸಲ ನೋಡಿದ ಮೇಲೆ ನೀವು ಟಿ.ವಿ.ಗೆ ತಲೆ ಒರಸುವ ಬೈರಾಸು ಹೊದಿಸಿಬಿಟ್ಟಿರಿ. ಒಳಗಿಂದ ವಾದ್ಯಗಳ ಸದ್ದು ಮಾತ್ರ. "ಅವಳು ಹಾರುವಾಗ ಕೈ ಎತ್ತಿ," ಅಂದಿರಿ. ಕೈ ಎದ್ದೊಡನೆ ಬೈರಾಸು ಸರಿಸಿ ಸರಿಯೋ ತಪ್ಪೋ ತೋರಿಸುತ್ತಿದ್ದಿರಿ.

"ಚೆಂಡೆಯೇ ಇಲ್ವಲ್ಲ ಟೀಚರ್, ಹಾರುದು ಹೇಗೆ ಗೊತ್ತಾಗುದು?" ಅಂತ ಕೇಳಿದ್ದು ನನ್ನ ಮಗಳು ದೀಕ್ಷಾ.

"ಹಾರುವ ಮೊದಲು ಪಿಟೀಲು ಉಸಿರು ತೆಕ್ಕೊಳ್ತದೆ ಮಗಾ. ಅದನ್ನು ಕೇಳು."

ಅವಳು ಕೇಳಿದಳು. ನಾನು ಕರೆದರೆ ಮೂರು ಸಲಕ್ಕೂ ಓಗೊಡದವಳು, ಪಿಟೀಲಿನ ಉಸಿರು ಕೇಳಿದಳು.

ಇನ್ನೊಂದು ದಿನ ನಾನೇ ಮಹಡಿ ಹತ್ತಿ ಬಂದಿದ್ದೆ. "ಪ್ರೋಗ್ರಾಮ್ ಯಾವಾಗ ಟೀಚರ್? ಡ್ರೆಸ್ ನಾನು ಕೊಡ್ತೇನೆ."

"ಪ್ರೋಗ್ರಾಮ್ ಇಲ್ಲ ರೇವತಿ. ಇದು ಕೇಳುವ ಕ್ಲಾಸು."

"ಮತ್ತೆ ಸ್ಟೇಜಲ್ಲಿ ತೋರಿಸುದು ಎಂತದು ಮಾರಾಯ್ರೆ? ಕಿವಿಯನ್ನಾ?"

ನೀವು ಕಣ್ಣೀರು ಬರುವಷ್ಟು ನಕ್ಕಿರಿ. ನನಗೆ ನಗು ಬರಲಿಲ್ಲ. ನಮ್ಮ ಕಡೆ ಮಕ್ಕಳು ಎಂತ ಕಲಿತರೂ ಕೊನೆಗೊಂದು ಸ್ಟೇಜು, ಶಾಲು, ಸ್ಮರಣಿಕೆ ಬೇಡವೇ? ವಿಟ್ಲದಿಂದ ಬೆಳ್ತಂಗಡಿಯವರೆಗೆ ಛದ್ಮವೇಷದಲ್ಲಿ ಪ್ರೈಜ್ ತಂದ ಹುಡುಗಿ, ಆ ಸಲ ಪುಂಜಾಲಕಟ್ಟೆಯ ಸ್ಪರ್ಧೆಗೆ ಬರುವುದಿಲ್ಲ ಎಂದಳು. ಅದು ಶನಿವಾರವಂತೆ, ನಿಮ್ಮ ಕ್ಲಾಸಂತೆ. ಹೊಸ ಕಿರೀಟ ಕಪಾಟಿನಲ್ಲೇ ಉಳಿಯಿತು. ಹೆತ್ತವಳು ಕೊಡದ್ದು ನೀವು ಎಂತ ಕೊಟ್ಟಿರಿ ಅವಳಿಗೆ?

ನೀವು ಹೋದ ಮೇಲೆ ಅಂದುಕೊಂಡೆ, ಇನ್ನಾದರೂ ಅವಳು ನನ್ನ ಸ್ಟೇಜಿಗೆ ಬರುತ್ತಾಳೆ. ನುಡಿನಮನದಲ್ಲಿ ಮಕ್ಕಳಿಂದ ಆ ಬ್ಯಾಲೆಯನ್ನೇ ಕುಣಿಸುವುದೆಂದು ಬಿಳಿ ಫ್ರಾಕಿಗೆ ಅಳತೆ ತೆಗೆಯುವಾಗ ಅವಳು ಕೈ ಸಡಿಲಿಸಲೇ ಇಲ್ಲ. "ಟೀಚರ್ ಪ್ರೋಗ್ರಾಮ್ ಬೇಡ ಅಂದಿದ್ರಲ್ಲ ಅಮ್ಮ."

"ಟೀಚರ್ ಈಗ ಇಲ್ಲ. ನಾನಿದ್ದೇನೆ."

ಹೇಳಿದ ಮೇಲೆ ಅವಳ ಮುಖ ನೋಡಿದೆ. ನೋಡಬಾರದಿತ್ತು...

ನುಡಿನಮನದ ದಿನ ಮಕ್ಕಳೆಲ್ಲ ಶಾಲೆಯ ಯೂನಿಫಾರ್ಮಿನಲ್ಲೇ ಬಂದರು. ಸ್ಟೇಜಿನಲ್ಲಿ ನಿಮ್ಮ ಟಿ.ವಿ., ಅದರ ಮೇಲೆ ನಿಮ್ಮ ಬೈರಾಸು. ಸಂಗೀತ ಶುರುವಾಯಿತು, ಮಕ್ಕಳು ಸುಮ್ಮನೆ ಕೂತರು. "ಡ್ಯಾನ್ಸ್ ಎಷ್ಟು ಹೊತ್ತಿಗೆ?" ಅಂತ ಹಿಂದಿನಿಂದ ಒಬ್ಬರು. ನಾನು ಭೂಮಿಗಿಳಿದು ಹೋದರೆ ಸಾಕಿತ್ತು. ಮೈಕ್ ಹಿಡಿದು ಏನಾದರೂ ಸಮಜಾಯಿಷಿ ಹೇಳೋಣವೆಂದು ಎದ್ದೆ. ಅಷ್ಟರಲ್ಲಿ ದೀಕ್ಷಾ ಇಳಿದು ಬಂದು ನನ್ನನ್ನು ಕೂರಿಸಿ, ಪಕ್ಕದಲ್ಲಿ ಕೂತು, ಕೈ ಹಿಡಿದುಕೊಂಡಳು.

"ಮಾತಾಡ್ಬೇಡ ಅಮ್ಮ. ಕೇಳು... ಈಗ!"

ನನ್ನ ಕೈಯನ್ನೂ ಸೇರಿಸಿ ಎತ್ತಿದಳು. ಸ್ಟೇಜಿನಲ್ಲಿದ್ದ ಮಕ್ಕಳು ಬೈರಾಸು ಸರಿಸಿದರು. ಟಿ.ವಿ.ಯ ಆ ಹುಡುಗಿ ಗಾಳಿಯಲ್ಲಿದ್ದಳು. ಎರಡನೇ ಸಲ ನಾನೇ ಎತ್ತಿದೆ, ತಪ್ಪಾಯಿತು. ಮೂರನೇ ಸಲ, ಟೀಚರೇ, ಆ ಪಿಟೀಲು ನಿಜಕ್ಕೂ...

"ಟೀಚರ್ ಇದ್ದಿದ್ರೆ ನಿಂಗೆ ಇನ್ನೂ ಚಂದ ಹೇಳಿಕೊಡ್ತಿದ್ರು," ಅಂದಳು ಮಗಳು. ಪುನಃ ನೀವೇ! ಆರಿದ್ದ ಕಿಚ್ಚು ಪುನಃ ಹತ್ತಿತು.

ನಿಮಗೆ ಗೊತ್ತಿಲ್ಲದ ಸುದ್ದಿ ಒಂದುಂಟು. ಮೊಬೈಲ್ ಅಂಗಡಿಯವರು ನಿಮ್ಮ ಕೋಣೆ ಕೇಳಿದರು, ಒಳ್ಳೆಯ ಬಾಡಿಗೆಗೇ. ಕೊಡಲಿಲ್ಲ. ಶನಿವಾರದ ಕ್ಲಾಸು ನಡೆಯುತ್ತಾ ಉಂಟು. ಬೈರಾಸು ಹೊದಿಸುವುದು ದೀಕ್ಷಾ. ನಾನು ಹಿಂದೆ ಕೂರುತ್ತೇನೆ, ಬಾಯಿ ಮುಚ್ಚಿಕೊಂಡು. ಸಂಗೀತ ಶುರುವಾದ ಮೇಲೆ ಅವಳು ಬಂದು ಪಕ್ಕದಲ್ಲಿ ಕೂರುತ್ತಾಳೆ.

ಇನ್ನು ಯಾರಿಗೆ ಎಂತ ಸಿಕ್ಕಿತು ಅಂದರೆ, ಮಕ್ಕಳಿಗೆ ಕೋಣೆ. ಬಂದವರಿಗೆ ಗೋಳಿಬಜೆ. ನಿಮಗೆ ನನ್ನ ಮಗಳ ಕಿವಿ. ನನಗೆ, ಯಾರೂ ಬಾಡಿಗೆಗೆ ಕೇಳದ ಬಿಳಿ ಫ್ರಾಕುಗಳು, ಮತ್ತೆ ಅವಳ ಕೈ. ಶನಿವಾರ ಮಾತ್ರ.

ರೇವತಿ