ಪುಟ ತೆರೆಯುತ್ತದೆ, ಮಾತು ಕಡಿಯುತ್ತದೆ

ಕುಣಿಗಲ್, ೧೧ ಅಕ್ಟೋಬರ್ ೨೦೦೮

ನಮ್ಮ ಬೀದಿಗೆ ಇಂಟರ್‌ನೆಟ್ ಲೈನು ಕೊಟ್ಟಿರುವ ಕಚೇರಿಯ ಎಂಜಿನಿಯರರಿಗೆ

ಮಾನ್ಯರೇ,

ಶನಿವಾರ ಸಂಜೆ, ಗಂಟೆ ಎಂಟೂ ಹತ್ತು. ಬೆಳಿಗ್ಗೆ ಬಟ್ಟೆ ಒಗೆದೆ, ಮಧ್ಯಾಹ್ನ ನಿಮ್ಮ ಕಚೇರಿಗೆ ಬಂದು ಹೋದೆ, ಏಳು ನಲವತ್ತೆರಡಕ್ಕೆ ಲೈನು ಕಡಿಯಿತು. ನನ್ನ ಡೈರಿಯಲ್ಲಿ ಇವತ್ತಿನದು ಇಷ್ಟೇ. ನಿಮ್ಮ ಪುಸ್ತಕದಲ್ಲಿ ಮಾತ್ರ ನನ್ನ ದೂರಿನ ಎದುರು ಮೂರನೆಯ ಸಲ "ಕಂಪ್ಯೂಟರಿನಲ್ಲಿ ಪರೀಕ್ಷಿಸಲಾಗಿದೆ, ಸರಿ ಇದೆ" ಎಂದು ಬರೆದು ಮುಗಿಸಿದ್ದೀರಿ. ಸರಿ ಇಲ್ಲ. ಕಡಿಯುವುದು ಆಟ ತಾನೆ ಎಂದು ನಕ್ಕಿರಿ. ಹೌದು, ಆಟವೇ. ನನ್ನ ಮಗಳು ಬಾಯಿ ಬಿಡುವುದು ಆ ಆಟದಲ್ಲಿ ಮಾತ್ರ.

ನಮ್ಮ ಮನೆಯವರು ಅಬ್ದುಲ್ ರಶೀದ್ ಟಿವಿ ರಿಪೇರಿ ಮಾಡುತ್ತಿದ್ದರು. ಹೋದ ನವೆಂಬರಿನಲ್ಲಿ ತುಮಕೂರಿನಿಂದ ಬೈಕಿನಲ್ಲಿ ಬರುತ್ತಾ, ದಾರಿಯಲ್ಲಿ ನಿಲ್ಲಿಸಿ ಮನೆಗೆ ಫೋನು ಮಾಡಿದರು. ಎತ್ತಿದವಳು ಮಗಳು ಅಸ್ಫಿಯಾ. "ಚಿಲಕ ಹಾಕ್ಬೇಡ, ನಾನು..." ಎನ್ನುವಷ್ಟರಲ್ಲಿ ಮಾತು ನಿಂತಿತು. ಅವಳು "ಅಬ್ಬಾ, ಕೇಳಿಸ್ತಾ ಇದ್ಯಾ?" ಎಂದು ಅಪ್ಪನನ್ನು ಕೇಳುತ್ತಲೇ ಇದ್ದಳು. ಅದು ನಿಮ್ಮ ಲೈನಿನ ತಪ್ಪಲ್ಲ, ಅವರ ಮೇಲೆ ಹರಿದ ಲಾರಿಯದು. ಅಂದಿನಿಂದ ಹದಿನೇಳು ವರ್ಷದ ಹುಡುಗಿ ತಲೆಯಾಡಿಸುತ್ತಾಳೆ, ಮಾತಾಡುವುದಿಲ್ಲ. ಅವರು ರಿಪೇರಿ ಮಾಡಿ ಅವಳಿಗೆಂದೇ ಇಟ್ಟಿದ್ದ ಹಳೆಯ ಆಟದ ಡಬ್ಬ, ಕನ್ಸೋಲನ್ನು, ಜೂನ್‌ನಲ್ಲಿ ಟಿವಿಗೆ ಜೋಡಿಸಿಕೊಂಡಳು. ಗುಬ್ಬಿಯಲ್ಲಿರುವ ನನ್ನ ಅಕ್ಕನ ಮಗಳು ಅರ್ಜೂ ತನ್ನ ಕಂಪ್ಯೂಟರಿನಲ್ಲಿ ಇಂಟರ್‌ನೆಟ್ ಮೂಲಕ ಅದೇ ಆಟಕ್ಕೆ ಸೇರಿದಳು; ಆಡುತ್ತಲೇ ಒಬ್ಬರಿಗೊಬ್ಬರು ಮಾತಾಡಬಹುದು. ಮನೆಮಾತು ಉರ್ದುವಾದರೂ ಇಬ್ಬರೂ ಕನ್ನಡ ಶಾಲೆಯವರು, ಜಗಳವೆಲ್ಲ ಕನ್ನಡದಲ್ಲೇ. ಒಂದು ಸಂಜೆ ರೊಟ್ಟಿ ತಟ್ಟುತ್ತಿದ್ದವಳಿಗೆ ಒಳಗಿನಿಂದ ದನಿ ಕೇಳಿತು.

"ಲೇ ಅರ್ಜೂ, ಎಡಕ್ ಬಾರೇ. ಅಲ್ಲೇನ್ ಮದುವೆ ಊಟಕ್ ನಿಂತಿದ್ಯಾ?"

ಸ್ಪೀಕರಿನಲ್ಲಿ ಅರ್ಜೂ, "ಬಂದೆ ಕಣೇ, ತಡಿ. ಹೋದ್ಸಲ ನನ್ನ ಬುಟ್ಟು ಓಡೋದೋಳು ನೀನೇ ತಾನೆ?"

ರೊಟ್ಟಿ ಸೀದುಹೋಯಿತು. ನಾನು ಅಲುಗಲಿಲ್ಲ.

ಆ ಮಾತಿನ ನಡುವೆ ಲೈನು ಕಡಿದರೆ ಏನಾಗುತ್ತದೆ ಗೊತ್ತೇ? ಚಿತ್ರ ನಿಲ್ಲುತ್ತದೆ, ದನಿ ಅರ್ಧಕ್ಕೆ ಹೋಗುತ್ತದೆ. ಅಸ್ಫಿಯಾ ಎರಡು ಸಲ "ಕೇಳಿಸ್ತಾ ಇದ್ಯಾ?" ಎನ್ನುತ್ತಾಳೆ. ಆಮೇಲೆ ಮೂರು ದಿನ, ಒಮ್ಮೆ ಐದು ದಿನ, ಏನೂ ಇಲ್ಲ. ತಟ್ಟೆ ಮುಂದಿಟ್ಟರೂ ಹಾಗೇ ಕೂತಿರುತ್ತಾಳೆ. ಯಾವತ್ತೋ ಒಂದು ದಿನ ಅವಳು ಆ ಕನ್ಸೋಲನ್ನು ಮತ್ತೆ ಹಾಕುವುದೇ ಇಲ್ಲವೇನೋ ಎಂದು ನನಗೆ ಭಯ. ಏಳೂವರೆ ಹತ್ತಿರ ಬಂದರೆ ಒಲೆ ಆರಿಸಿ ಅವಳ ಬಾಗಿಲ ಬಳಿ ಹೋಗಿ ನಿಲ್ಲುತ್ತೇನೆ.

ದೂರು ಕೊಡಲು ಬಂದಾಗ ನಿಮ್ಮವರು ಮೊದಲು ಕೇಳಿದ್ದು, "ಕನೆಕ್ಷನ್ ಅವರ ಹೆಸರಲ್ಲಿದೆ, ಅವರೇ ಬಂದು ಸಹಿ ಹಾಕಲಿ" ಎಂದು. ಅವರು ಬರುವುದಾದರೆ ನಿಮ್ಮ ಲೈನು ನನಗೇಕೆ ಬೇಕಿತ್ತು? ಆಮೇಲೆ ಕನ್ಸೋಲಿನದೇ ದೋಷ ಎಂದಿರಿ. ದಸರಾ ರಜೆಗೆ ಅರ್ಜೂ ತನ್ನ ಕಂಪ್ಯೂಟರನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು, ತುಮಕೂರಿನಲ್ಲಿ ಬಸ್ಸು ಬದಲಿಸಿ ಇಲ್ಲಿಗೆ ತಂದಳು. ಒಂದು ಸಂಜೆ ಕನ್ಸೋಲ್, ಮರುಸಂಜೆ ಕಂಪ್ಯೂಟರ್, ಹೀಗೆ ಎಂಟು ಸಂಜೆ ಒಂದೇ ವೈರಿಗೆ ಹಾಕಿ ಆಡಿಸಿದೆವು. ಕನ್ಸೋಲಿನಲ್ಲೂ ಕಡಿಯಿತು, ಕಂಪ್ಯೂಟರಿನಲ್ಲೂ ಕಡಿಯಿತು. ಪ್ರತಿ ಸಲವೂ ಏಳೂವರೆಯಿಂದ ಎಂಟರೊಳಗೆ.

ಮಂಗಳವಾರ ನಿಮ್ಮ ಲೈನ್‌ಮನ್ ನರಸಯ್ಯ ಬಂದರು, ಬೆಳಿಗ್ಗೆ ಹನ್ನೊಂದಕ್ಕೆ. ಕಂಪ್ಯೂಟರಿನಲ್ಲಿ ಒಂದು ಪುಟ ತೆರೆದು, "ನೋಡಮ್ಮ, ಬಂತು" ಅಂದರು.

"ಪೇಜ್ ಬರುತ್ತೆ ಅಣ್ಣ, ಅದು ಕಾಯುತ್ತೆ. ಆಟ ಕಾಯಲ್ಲ. ಏಳೂವರೆಗೆ ಬಂದು ಆಡಿಸಿ ನೋಡಿ" ಎಂದಳು ಅರ್ಜೂ.

"ಏಳೂವರೆಗೆ ನಾನು ಮನೇಲಿರ್ತೀನಿ ಕಣಮ್ಮ. ಆಟದ್ ಡಬ್ಬಕ್ಕೂ ನಮ್ಗೂ ಸಂಬಂಧ ಇಲ್ಲ. ನಮ್ದು ಕಂಪ್ಯೂಟರ್‌ವರ್ಗೂ ಅಷ್ಟೆ."

"ಹಂಗಾದ್ರೆ ಕಂಪ್ಯೂಟರಲ್ಲೇ ಆಡಿ."

"ಆಡೋಕೆ ಸಂಬಳ ಕೊಡಲ್ಲವಲ್ಲ ತಾಯಿ" ಎಂದು ನಕ್ಕು, ಟೀ ಕುಡಿದು ಹೋದರು. ಕೆಟ್ಟವರಲ್ಲ. ನೀವು ಹೇಳಿಕೊಟ್ಟ ಪರೀಕ್ಷೆಯನ್ನೇ ಮಾಡಿದರು.

ಹತ್ತು ಸೆಕೆಂಡು ಲೈನು ಹೋಗಿ ಬಂದರೆ ಪುಟ ಸ್ವಲ್ಪ ತಡವಾಗುತ್ತದೆ, ಅಷ್ಟೆ. ಅದನ್ನು ನೋಡುತ್ತಿದ್ದವರಿಗೆ ಗೊತ್ತೂ ಆಗುವುದಿಲ್ಲ. ಆಡುತ್ತಿದ್ದವರು ಅಷ್ಟರಲ್ಲಿ ಆಟದಿಂದಲೇ ಹೊರಗೆ ಬಿದ್ದಿರುತ್ತಾರೆ. ಹತ್ತನೇ ಕ್ಲಾಸು ಓದಿದ ನನಗೆ ಎಂಟು ಸಂಜೆಯಲ್ಲಿ ತಿಳಿದದ್ದು, ಎಂಜಿನಿಯರಾದ ನಿಮಗೆ ಮೂರು ದೂರಿನಲ್ಲೂ ತಿಳಿಯಲಿಲ್ಲವೇ? ಜ್ವರ ಸಂಜೆ ಬರುತ್ತದೆ ಎಂದರೆ ಬೆಳಿಗ್ಗೆ ಮೈ ಮುಟ್ಟಿ ನೋಡಿ ಕಳಿಸುವ ಡಾಕ್ಟರನ್ನು ನೀವು ಒಪ್ಪುತ್ತೀರಾ?

ನನ್ನ ದೂರನ್ನು ಮತ್ತೆ ತೆರೆಯಿರಿ. ಸಂಜೆ ಏಳೂವರೆಗೆ ಬಂದು, ಕನ್ಸೋಲಿನಲ್ಲೇ ಆಟ ಆಡಿಸಿ, ಅರ್ಧ ಗಂಟೆ ನಮ್ಮ ಮನೆಯಲ್ಲಿ ಕುಳಿತು ನೋಡಿ. ಕಡಿದ ಹೊತ್ತಿಗೆ ಅವಳ ಮುಖವನ್ನೂ ನೋಡಿ. ಆಮೇಲೂ ಸರಿ ಇದೆ ಎನಿಸಿದರೆ ಹಾಗೆಂದು ಬರೆದು ನಿಮ್ಮ ಕೈಯಾರೆ ಸಹಿ ಹಾಕಿ.

ಈ ಎಂಟು ದಿನ ಲೈನು ಹೋದಾಗ ಅರ್ಜೂ ಪಕ್ಕದಲ್ಲೇ ಇದ್ದು, "ಇಲ್ಲೇ ಇದೀನಿ ಕಣೇ" ಎಂದು ಅವಳ ಕೈ ಹಿಡಿದಳು. ಅಸ್ಫಿಯಾ ಈ ಸಂಜೆಯೂ ಮಾತು ನಿಲ್ಲಿಸಲಿಲ್ಲ. ನಾಳೆ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಅರ್ಜೂ ಗುಬ್ಬಿಗೆ ಹೊರಡುತ್ತಾಳೆ.

ಇಂತಿ,
ನಿಮ್ಮ ಪುಸ್ತಕದ ಪ್ರಕಾರ ಯಾವ ತೊಂದರೆಯೂ ಇಲ್ಲದ
ಜೈನಬ್ ಬೀ