ಬೇವು ಕಟ್ಟಿದ ಬಾಗಿಲು

ಕಟ್ಟಾಯ
೧೪-೩-೧೯೬೩

ಅವ್ವನಿಗೆ, ನಿನ್ನ ಹಟಮಾರಿ ಮಗಳು ಸುವರ್ಣ ಮಾಡುವ ನಮಸ್ಕಾರಗಳು.

ನಿನ್ನ ಕಾಗದ ಈಗ ಸಿಕ್ಕಿತು. ನಿನ್ನ ಬಳಿ ಬಿಟ್ಟು ಬಂದ ನನ್ನ ಮಗಳು ರತ್ನಿಗೆ ಅಮ್ಮ ಬಂದಿದ್ದಾಳೆ, ಬಾಗಿಲಿಗೆ ಬೇವು ಕಟ್ಟಿದ್ದೇವೆ, ನಾಲ್ಕು ದಿನದಿಂದ ಗಂಜಿತಿಳಿ ಬಿಟ್ಟು ಬೇರೇನೂ ಕೊಟ್ಟಿಲ್ಲ, ಮಗುವಿಗೆ ನೀರು ಹಾಕುವವರೆಗೂ ನೀನು ಬರಬೇಡ ಎಂದು ಬರೆದಿದ್ದೀಯ. ಇವತ್ತಿನ ಬಸ್ಸು ಹೋಗಿಬಿಟ್ಟಿದೆ. ಪಕ್ಕದ ಮನೆ ಕೆಂಪಣ್ಣ ಸೈಕಲ್ಲಿನಲ್ಲಿ ಹೊಳೆನರಸೀಪುರಕ್ಕೆ ಹೊರಟಿದ್ದಾನೆ, ಅವನ ಕೈಲಿ ಇದನ್ನು ಕೊಡುತ್ತಿದ್ದೇನೆ. ಮುಂದಕ್ಕೆ ಓದುವ ಮೊದಲು ಮಗುವಿಗೆ ಹಾಲು ಹಾಕಿ ರಾಗಿ ಗಂಜಿ ಕುಡಿಸು. ಆಮೇಲೆ ನನ್ನನ್ನು ಎಷ್ಟು ಬೇಕಾದರೂ ಬೈಯಿ.

ದಡಾರಕ್ಕೆ ಹಾಲು ಕೊಟ್ಟರೆ ಅಮ್ಮ ಮುನಿಯುತ್ತಾಳೆ ಎನ್ನುತ್ತೀಯ. ನಾನೂ ಹಾಗೆ ನಂಬಿದ್ದವಳೇ. ಎರಡು ವರ್ಷದಿಂದ ಇಲ್ಲಿ ಡಾಕ್ಟರರ ಸಂಶೋಧನೆಗಾಗಿ ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ ಮಕ್ಕಳನ್ನು ತೂಗುವುದು ನನ್ನ ಕೆಲಸವಲ್ಲವೇ? ಬೇವು ಕಟ್ಟಿದ ಮನೆಗೆ ತಕ್ಕಡಿ ಒಯ್ಯಬಾರದೆಂದು ಹೊಸಿಲಲ್ಲೇ ಹಿಂದಿರುಗಿ, ಆ ಮಗುವಿನ ಹೆಸರಿನ ಮುಂದೆ 'ಗೈರುಹಾಜರಿ' ಎಂದು ಬರೆಯುತ್ತಿದ್ದೆ. ಮಗು ಒಳಗೆ ಚಾಪೆಯ ಮೇಲೇ ಇರುತ್ತಿತ್ತು! ಹೀಗಾಗಿ ನಮ್ಮ ಸಂಶೋಧನೆಯ ಪುಸ್ತಕದಲ್ಲಿ ಕಾಯಿಲೆ ಬಿದ್ದ ಮಕ್ಕಳ ತೂಕವೇ ಇಲ್ಲ. ಕಳೆದ ವಾರ ಕೂತು ಎಲ್ಲ ಹಾಳೆ ತಿರುವಿದೆ. ನಲವತ್ತೊಂದು ಮಕ್ಕಳು ಗೈರುಹಾಜರಿ. ಅವರಲ್ಲಿ ಒಂಬತ್ತು ಮಕ್ಕಳು ದಡಾರ ಇಳಿದ ಮೇಲೆ, ಭೇದಿಯೋ ಕೆಮ್ಮೋ ಹತ್ತಿ, ಎರಡು ಮೂರು ತಿಂಗಳಲ್ಲಿ ತೀರಿಕೊಂಡಿವೆ. ಕಾಯಿಲೆ ಮೈ ಕರಗಿಸುತ್ತದೆ, ಅದರ ಮೇಲೆ ನಮ್ಮ ಪಥ್ಯ ಗಾಯದ ಮೇಲೆ ಬರೆ. ಬಡಕಲಾದ ಮಗು ಮುಂದಿನ ಕಾಯಿಲೆ ತಡೆಯುವುದಿಲ್ಲ ಅವ್ವ.

ದೊಡ್ಡ ಡಾಕ್ಟರಿಗೆ ತೋರಿಸಿದೆ. ನಮ್ಮದು ಆಹಾರದ ಅಧ್ಯಯನ, ರೋಗದ್ದಲ್ಲ, ಆ ಹೆಸರುಗಳನ್ನು ಹೊಡೆದುಹಾಕು ಎಂದರು. ಹೊಡೆದುಹಾಕುವುದಿಲ್ಲ ಎಂದೆ. ಕೆಲಸ ಹೋದರೆ ಹೋಗಲಿ.

ಸೋಮವಾರ ಲಕ್ಕಮ್ಮ ಎಂಬಾಕೆ ಬಾಗಿಲಿಗೆ ಅಡ್ಡ ನಿಂತು, 'ಅಮ್ಮ ಬಂದವ್ಳೆ ಕಣಕ್ಕ, ಒಳೀಕ್ ಬರ್ಬ್ಯಾಡಿ' ಅಂದಳು. ಬೇವಿನ ಕೆಳಗೆ ತಲೆ ಬಗ್ಗಿಸಿ ಹೋಗಿ, ಮಗುವನ್ನು ತೂಗಿ, ನಾನೇ ಗಂಜಿ ಕುಡಿಸಿದೆ. ಅವಳ ಅತ್ತೆ ಸುಮ್ಮನಿದ್ದಾಳೆಯೇ? 'ನಿನ್ ಮಗೀಗೂ ಬತ್ತದೆ, ನೋಡ್ತಿರು' ಎಂದು ಶಾಪ ಹಾಕಿದಳು. ನಿಜ ಹೇಳುತ್ತೇನೆ, ನಿನ್ನ ಕಾಗದ ಓದಿದಾಗ ಆ ಶಾಪವೇ ತಟ್ಟಿತೇನೋ ಎನಿಸಿತು. ಆಮೇಲೆ ದಿನ ಎಣಿಸಿದೆ. ಶಾಪಕ್ಕೆ ಎರಡು ದಿನ ಮೊದಲೇ ರತ್ನಿ ಮಲಗಿದ್ದಾಳೆ. ನಾನು ಮಾಡಿದ್ದು ತಪ್ಪೆಂದು ನನ್ನ ಬಾಯಲ್ಲಿ ಇನ್ನು ಯಾರೂ ಹೇಳಿಸಲಾರರು.

ನಾಳೆ ಮೊದಲ ಬಸ್ಸಿಗೆ ಬರುತ್ತೇನೆ. ರಜ ಕೊಟ್ಟಿಲ್ಲ, ನಾನು ಕಾಯುವುದೂ ಇಲ್ಲ. ಬೇವು ಬಿಚ್ಚಬೇಡ, ಅಮ್ಮನಿಗೂ ನನಗೂ ಜಗಳವಿಲ್ಲ. ಆದರೆ ನನ್ನ ಮಗು ಹಸಿದಿರಬಾರದು.

ನಿನ್ನ ಮಗಳು, ರತ್ನಿಯ ತಾಯಿ,
ಸುವರ್ಣ

ಇನ್ನೊಂದು ಮಾತು: ಇದನ್ನು ಬರೆಯಬಾರದೆಂದಿದ್ದೆ. ನಮ್ಮ ಈಶ್ವರ ಹೋದದ್ದೂ ಅಮ್ಮ ಇಳಿದು ಒಂದು ತಿಂಗಳಿಗೆ. ನನ್ನ ಆ ತಮ್ಮ 'ಹಸಿವು, ಹಸಿವು' ಎಂದು ಅಳುತ್ತಿದ್ದಾಗ, ನಿನ್ನ ಮಾತು ಕೇಳಿ ಹಾಲಿನ ಗಡಿಗೆಯನ್ನು ನೆಲುವಿಗೆ ಏರಿಸಿಟ್ಟವಳು ನಾನು. ಆಗ ನಮಗಿಬ್ಬರಿಗೂ ಗೊತ್ತಿರಲಿಲ್ಲ ಅವ್ವ. ಈಗ ಗೊತ್ತಾಗಿದೆ. ಏಳು, ಹಾಲು ಕಾಯಿಸು.